ಸಾವಿನ ಸುದ್ದಿ ಯಾರಿಗೆ ಮುಟ್ಟಬೇಕು?

ಸೋಮವಾರ ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ಯಾವ ಹೋಬಳಿಯ ನಾಡಕಚೇರಿಗೆ ಹೋದರೂ ಹೆಚ್ಚುಕಡಿಮೆ ಒಂದೇ ದೃಶ್ಯ. ‘ಸರ್ವರ್ ಇನ್ನೂ ಬಂದಿಲ್ಲ’ ಎಂಬ ಮಾತು ಕಿಟಕಿಯೊಳಗಿಂದ ಆಗಲೇ ಬಂದಿರುತ್ತದೆ. ಹೊರಗಿನ ಜಗಲಿಯಲ್ಲಿ ಪಹಣಿ, ಜಾತಿ ಪ್ರಮಾಣ ಪತ್ರ, ಆದಾಯ ಪ್ರಮಾಣ ಪತ್ರ ಎಂದು ಬಂದವರ ನಡುವೆ, ಬಟ್ಟೆ ಅಂಗಡಿಯ ಹೆಸರಿರುವ ಪ್ಲಾಸ್ಟಿಕ್ ಕವರೊಂದನ್ನು ಮಡಿಲಲ್ಲಿಟ್ಟುಕೊಂಡು ಒಬ್ಬ ಹೆಂಗಸು ಕೂತಿರುತ್ತಾರೆ. ಕವರಿನಲ್ಲಿ ಗಂಡನ ಆಧಾರ್, ತಮ್ಮ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸ್, ಪಾಸ್‌ಪೋರ್ಟ್ ಅಳತೆಯ ಎರಡು ಫೋಟೊ, ಎಲ್ಲಕ್ಕಿಂತ ಮೇಲೆ ಮರಣ ಪ್ರಮಾಣ ಪತ್ರ. ಜೊತೆಗೆ ಬಂದ ಮೈದುನನಿಗೋ ಮಗನಿಗೋ ಅಂದಿನ ಕೂಲಿ ಹೋಗಿದೆ. ಸರದಿ ಬಂದಾಗ ಒಳಗಿನಿಂದ ಕೇಳುವ ಪ್ರಶ್ನೆ: ‘ವಂಶವೃಕ್ಷ ಎಲ್ಲಿ?’ ಅದು ಇದ್ದರೆ ಮುಂದಿನ ಪ್ರಶ್ನೆ: ‘ಇದರಲ್ಲಿ ಹೆಸರು ಬೇರೆ ಇದೆಯಲ್ಲ?’

ಆಕೆಯ ಗಂಡ ತೀರಿಕೊಂಡದ್ದು ಸರ್ಕಾರಕ್ಕೆ ತಿಳಿಯದ ಸಂಗತಿಯೇ? ಅಲ್ಲ. ಆ ಮರಣ ಪ್ರಮಾಣ ಪತ್ರವನ್ನು ಕೊಟ್ಟಿದ್ದೇ ಸರ್ಕಾರ. ಆದರೂ ವಿಧವಾ ವೇತನಕ್ಕೆ ಒಮ್ಮೆ, ಕುಟುಂಬ ನೆರವಿಗೆ ಒಮ್ಮೆ, ಬ್ಯಾಂಕಿನ ವಿಮೆಗೆ ಒಮ್ಮೆ, ಭವಿಷ್ಯ ನಿಧಿಗೆ ಒಮ್ಮೆ, ಪೌತಿ ಖಾತೆಗೆ ಒಮ್ಮೆ ಆಕೆ ಅದೇ ಸಾವನ್ನು ಹೊಸದಾಗಿ ರುಜುವಾತು ಮಾಡುತ್ತಾ ಹೋಗಬೇಕು. ಸಾವಿನ ನೋಂದಣಿ ಎಂಬ ವ್ಯವಸ್ಥೆ ನಮ್ಮಲ್ಲಿ ಅರ್ಧ ದಾರಿಗೇ ನಿಂತಿದೆ. ಸತ್ತವರ ಹೆಸರು ತೆಗೆದುಹಾಕಲು ಆ ಮಾಹಿತಿ ಈಗ ಸರಾಗವಾಗಿ ಹರಿಯುತ್ತದೆ. ಉಳಿದವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಲು ಹರಿಯುವುದಿಲ್ಲ. ಹಾಗೆ ಹರಿಸಲು ಕಾನೂನಿನ ಅಡ್ಡಿಯೂ ಇಲ್ಲ, ತಂತ್ರಜ್ಞಾನದ ಅಡ್ಡಿಯೂ ಇಲ್ಲ.

ಇಪ್ಪತ್ತೊಂದು ದಿನದ ಲೆಕ್ಕ

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. 1969ರ ಜನನ ಮತ್ತು ಮರಣ ನೋಂದಣಿ ಕಾಯ್ದೆಯ ಪ್ರಕಾರ ದೇಶದಲ್ಲಿ ಸಂಭವಿಸುವ ಪ್ರತಿಯೊಂದು ಸಾವನ್ನೂ 21 ದಿನಗಳೊಳಗೆ ನೋಂದಣಾಧಿಕಾರಿಗೆ ತಿಳಿಸಬೇಕು. ಮನೆಯಲ್ಲಿ ಸತ್ತರೆ ತಿಳಿಸುವ ಹೊಣೆ ಮನೆಯ ಯಜಮಾನರದು, ಅವರಿಲ್ಲದಿದ್ದರೆ ಹತ್ತಿರದ ಬಂಧುವಿನದು ಅಥವಾ ಮನೆಯಲ್ಲಿರುವ ಹಿರಿಯರದು. ಆಸ್ಪತ್ರೆಯಲ್ಲಿ ಸತ್ತರೆ ಆ ಹೊಣೆ ಕುಟುಂಬದ್ದಲ್ಲ, ಆಸ್ಪತ್ರೆಯದು. ಈ ವ್ಯತ್ಯಾಸ ಬಹಳ ಮಂದಿಗೆ ಗೊತ್ತಿಲ್ಲ. ಇನ್ನೊಂದು ಗೊತ್ತಿಲ್ಲದ ಸಂಗತಿ, ನೋಂದಣಿ ಆಗುವುದು ಸತ್ತ ಜಾಗದಲ್ಲೇ ಹೊರತು ವಾಸವಿದ್ದ ಊರಿನಲ್ಲಲ್ಲ. ಹಾವೇರಿ ಜಿಲ್ಲೆಯ ರೈತನೊಬ್ಬ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರೆ ಅವನ ಹೆಸರು ದಾಖಲಾಗುವುದು ಹುಬ್ಬಳ್ಳಿಯಲ್ಲಿ. ಶವ ಊರಿಗೆ ಬರುತ್ತದೆ, ಮಣ್ಣೂ ಆಗುತ್ತದೆ, ಊರಿನ ಪಂಚಾಯಿತಿಯಲ್ಲಿ ವಿಚಾರಿಸಿದರೆ ‘ಇಲ್ಲಿ ಆಗೋದಿಲ್ಲ’ ಎಂಬ ಉತ್ತರ. ಅದು ಅಧಿಕಾರಿಯ ಮೊಂಡುತನವಲ್ಲ, ಕಾಯ್ದೆಯೇ ಹಾಗಿದೆ. ದುಬೈಯಲ್ಲೋ ಮಸ್ಕತ್‌ನಲ್ಲೋ ದುಡಿಯುತ್ತಿದ್ದ ಕರಾವಳಿಯವರು ಅಲ್ಲೇ ತೀರಿಕೊಂಡರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ನೋಂದಣಿಯಾಗಬೇಕು.

ಗಡುವು ದಾಟಿದರೆ ಮೆಟ್ಟಿಲು ಏರುತ್ತಾ ಹೋಗುತ್ತವೆ. 21ರಿಂದ 30 ದಿನದೊಳಗಾದರೆ ವಿಳಂಬ ಶುಲ್ಕ ಕೊಟ್ಟರೆ ಸಾಕು. ಮೂವತ್ತು ದಿನ ದಾಟಿ ಒಂದು ವರ್ಷದೊಳಗಾದರೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ದಾಟಿದರೆ ಮೊದಲೆಲ್ಲ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಆದೇಶವೇ ಬೇಕಿತ್ತು. ಅಂದರೆ ವಕೀಲರು, ವಾಯಿದೆ, ಸಾಕ್ಷಿ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಆ ಅಧಿಕಾರವನ್ನು ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಅವರು ಅಧಿಕಾರ ನೀಡಿದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದೆ. ಹನ್ನೊಂದನೇ ದಿನದ ಕಾರ್ಯ, ಹದಿಮೂರನೆಯ ದಿನದ ಊಟ ಮುಗಿದು ನೆಂಟರು ಹೊರಡುವ ಹೊತ್ತಿಗೆ ಕುಟುಂಬದ ಕೈಯಲ್ಲಿ ಉಳಿಯುವುದು ಒಂದು ವಾರ ಮಾತ್ರ. ಆಸ್ತಿ ಇದ್ದವರ ಮನೆಯಲ್ಲಿ ಆ ವಾರ ವ್ಯರ್ಥವಾಗುವುದಿಲ್ಲ. ಪೌತಿ ಖಾತೆ ಆಗಬೇಕೆಂಬ ಕಾರಣಕ್ಕಾದರೂ ಯಾರೋ ಒಬ್ಬರು ಓಡಾಡುತ್ತಾರೆ. ಎಕರೆ ಗುಂಟೆ ಇಲ್ಲದವರ ಮನೆಯಲ್ಲಿ ಡೆತ್ ಸರ್ಟಿಫಿಕೇಟ್ ಯಾಕೆ ಬೇಕೆಂದೇ ತೋಚುವುದಿಲ್ಲ. ನೆರವು ಯಾರಿಗೆ ಹೆಚ್ಚು ಬೇಕೋ ಅವರ ಸಾವುಗಳೇ ನೋಂದಣಿಯಿಂದ ತಪ್ಪಿಹೋಗುವುದು ಹೀಗೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮನೆಮಂದಿ ಹೇಳಿದ ಪ್ರಕಾರ ದೇಶದಲ್ಲಿ ನೋಂದಣಿಯಾದ ಸಾವುಗಳ ಪ್ರಮಾಣ ಶೇ 71ರ ಆಸುಪಾಸಿನಲ್ಲಿತ್ತು. ಗಂಡಸರ ಸಾವುಗಳಿಗಿಂತ ಹೆಂಗಸರ ಸಾವುಗಳ ನೋಂದಣಿ ಕಡಿಮೆ.

ಕರ್ನಾಟಕದಲ್ಲಿ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ನಿರ್ದೇಶಕರು ರಾಜ್ಯದ ಮುಖ್ಯ ನೋಂದಣಾಧಿಕಾರಿ. ಹಳ್ಳಿಗಳಲ್ಲಿ ಈ ಕೆಲಸ ದೀರ್ಘಕಾಲ ಗ್ರಾಮ ಲೆಕ್ಕಿಗರ ಕೈಯಲ್ಲಿತ್ತು. ಅವರ ಹುದ್ದೆಯ ಹೆಸರು ಈಗ ಗ್ರಾಮ ಆಡಳಿತ ಅಧಿಕಾರಿ. ಈಚೆಗೆ ಗ್ರಾಮ ಪಂಚಾಯಿತಿಗಳಿಗೂ ವಹಿಸಲಾಗಿದೆ. ದಾಖಲೆ ‘ಇ-ಜನ್ಮ’ ತಂತ್ರಾಂಶದಲ್ಲಿ ಏರುತ್ತದೆ. ಹೆಸರು ಇ-ಜನ್ಮ, ಒಳಗೆ ಸಾವೂ ಇರುತ್ತದೆ.

ಪತ್ರದಲ್ಲಿ ಏನಿದೆ, ಏನಿಲ್ಲ

ಇಷ್ಟೆಲ್ಲ ಮಾಡಿ ಪಡೆದ ಪ್ರಮಾಣ ಪತ್ರವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಸತ್ತವರ ಹೆಸರು, ಲಿಂಗ, ಸತ್ತ ದಿನಾಂಕ, ಸ್ಥಳ, ವಿಳಾಸ, ನೋಂದಣಿ ಸಂಖ್ಯೆ, ನೋಂದಣಿ ದಿನಾಂಕ ಅದರಲ್ಲಿರುತ್ತವೆ. ಸಾವಿನ ಕಾರಣ ಇರುವುದಿಲ್ಲ. ಮರೆತು ಬಿಟ್ಟದ್ದಲ್ಲ, ಮರಣದ ಕಾರಣವನ್ನು ಪ್ರಮಾಣ ಪತ್ರದಲ್ಲಿ ಬಹಿರಂಗಪಡಿಸಕೂಡದೆಂದು ಕಾಯ್ದೆಯ 17ನೇ ಸೆಕ್ಷನ್ನೇ ಹೇಳುತ್ತದೆ. ಸತ್ತವರ ಖಾಸಗಿತನಕ್ಕೆ ಇದು ಒಳ್ಳೆಯದೇ. ಆದರೆ ನೆರವು ಕಾರಣವನ್ನು ಅವಲಂಬಿಸಿದ ಕಡೆಯಲ್ಲೆಲ್ಲ ಈ ಪತ್ರವೊಂದೇ ಸಾಲದು. ಕೋವಿಡ್ ಕಾಲದಲ್ಲಿ ಇದು ಎಲ್ಲರ ಅರಿವಿಗೆ ಬಂತು. ಸುಪ್ರೀಂ ಕೋರ್ಟ್ 2021ರ ಜೂನ್ 30ರಂದು ಕೊಟ್ಟ ತೀರ್ಪಿನ ಬಳಿಕ ಕೋವಿಡ್‌ನಿಂದ ಸತ್ತವರ ಕುಟುಂಬಕ್ಕೆ ₹50,000 ಪರಿಹಾರ ನಿಗದಿಯಾಯಿತು. ಕುಟುಂಬಗಳ ಕೈಯಲ್ಲಿದ್ದ ಪ್ರಮಾಣ ಪತ್ರದಲ್ಲಿ ಕೋವಿಡ್ ಎಂಬ ಪದವೇ ಇರಲಿಲ್ಲ. ಪಾಸಿಟಿವ್ ವರದಿ ಬಂದ 30 ದಿನಗಳೊಳಗೆ ಸತ್ತರೆ ಅದನ್ನು ಕೋವಿಡ್ ಸಾವೆಂದೇ ಪರಿಗಣಿಸಬೇಕೆಂದು ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಬೇಕಾಯಿತು, ತಕರಾರು ತೀರ್ಮಾನಿಸಲು ಜಿಲ್ಲೆಗೊಂದು ಸಮಿತಿ ರಚನೆಯಾಗಬೇಕಾಯಿತು. ವೈದ್ಯರು ಬರೆದುಕೊಡುವ ಮರಣ ಕಾರಣ ಪ್ರಮಾಣ ಪತ್ರ ಬೇರೆಯೇ ಕಾಗದ. ದೇಶದಲ್ಲಿ 2021ರಲ್ಲಿ ನೋಂದಣಿಯಾದ ಸುಮಾರು 1.02 ಕೋಟಿ ಸಾವುಗಳಲ್ಲಿ ಕಾಲುಭಾಗಕ್ಕೂ ಅಂಥ ವೈದ್ಯಕೀಯ ದೃಢೀಕರಣ ಇರಲಿಲ್ಲ. ಚಿಕಿತ್ಸೆ ಕೊಟ್ಟ ಆಸ್ಪತ್ರೆ ಅದನ್ನು ಶುಲ್ಕವಿಲ್ಲದೆ ಕೊಡಬೇಕು, ಒಂದು ಪ್ರತಿ ಹತ್ತಿರದ ಬಂಧುವಿಗೂ ಸಿಗಬೇಕು ಎಂಬುದು 2023ರ ತಿದ್ದುಪಡಿಯ ಒಂದು ನಿಜವಾದ ಉಪಕಾರ.

ಇನ್ನೊಂದು ಕೊರತೆ ಇದಕ್ಕಿಂತ ಸೂಕ್ಷ್ಮ. ದೀರ್ಘಕಾಲ ಬಳಕೆಯಲ್ಲಿದ್ದ ನಮೂನೆಯಲ್ಲಿ ‘ತಾಯಿಯ ಹೆಸರು’ ಎಂದೊಂದು ಸಾಲು, ‘ತಂದೆ/ಗಂಡನ ಹೆಸರು’ ಎಂದೊಂದು ಸಾಲು. ಹೆಂಗಸು ಸತ್ತರೆ ಗಂಡನ ಹೆಸರು ಬರೆಯಬಹುದು. ಗಂಡಸು ಸತ್ತರೆ ಹೆಂಡತಿಯ ಹೆಸರಿಗೆ ಅಲ್ಲಿ ಜಾಗವೇ ಇರಲಿಲ್ಲ. ಹಾಗಾಗಿ ಪತ್ರ ಹಿಡಿದು ಬಂದಾಕೆ ಸತ್ತವನ ಹೆಂಡತಿ ಹೌದೋ ಅಲ್ಲವೋ ಎಂಬುದನ್ನು ಸಾಬೀತು ಮಾಡಲು ಬೇರೆ ಕಾಗದಗಳು ಬೇಕಾದವು. ನಾಡಕಚೇರಿಯ ಸೇವೆಗಳ ಪಟ್ಟಿ ನೋಡಿದರೆ ಈ ಒಂದು ಖಾಲಿ ಸಾಲು ಎಷ್ಟು ಕಾಗದ ಹುಟ್ಟುಹಾಕಿದೆ ಎಂದು ತಿಳಿಯುತ್ತದೆ: ವಂಶವೃಕ್ಷ, ಬದುಕಿರುವ ಕುಟುಂಬ ಸದಸ್ಯರ ಪ್ರಮಾಣ ಪತ್ರ, ವಿಧವಾ ಪ್ರಮಾಣ ಪತ್ರ, ಮರುವಿವಾಹವಾಗಿಲ್ಲವೆಂಬ ಪ್ರಮಾಣ ಪತ್ರ. ಮದುವೆಯ ನೋಂದಣಿ ಇದ್ದರೆ ಇವುಗಳಲ್ಲಿ ಕೆಲವು ಬೇಕಾಗುತ್ತಿರಲಿಲ್ಲ. ಎಲ್ಲ ಮದುವೆಗಳನ್ನೂ ನೋಂದಾಯಿಸಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಊರ ದೇವಸ್ಥಾನದಲ್ಲಿ, ಮನೆ ಮುಂದಿನ ಚಪ್ಪರದಲ್ಲಿ ಆದ ಮದುವೆಗಳಲ್ಲಿ ಎಷ್ಟೋ ಇಂದಿಗೂ ಯಾವ ಪುಸ್ತಕಕ್ಕೂ ಏರಿಲ್ಲ.

ಮೂರನೆಯದು ಹೆಸರಿನ ಗೋಳು. ಊರಿನಲ್ಲಿ ಬಸಪ್ಪ, ರೇಷನ್ ಕಾರ್ಡಿನಲ್ಲಿ ಬಸವರಾಜಪ್ಪ, ಆಧಾರ್‌ನಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಯಂತ್ರ ಮಾಡಿಕೊಟ್ಟ ಯಾವುದೋ ಮೂರನೆಯ ರೂಪ. ಗಂಡ ಹೋದ ಸಂಕಟದಲ್ಲಿ ಆಸ್ಪತ್ರೆಯ ಕೌಂಟರಿನಲ್ಲಿ ಯಾರೋ ಬಾಯಲ್ಲಿ ಹೇಳಿದ ಹೆಸರು ನಾಲ್ಕನೆಯದು. ಬದುಕಿದ್ದಾಗ ಯಾರಿಗೂ ತೊಂದರೆ ಕೊಡದ ಈ ವ್ಯತ್ಯಾಸ ಸತ್ತ ಮರುದಿನದಿಂದ ದೊಡ್ಡ ವಿಷಯವಾಗುತ್ತದೆ. ತಿದ್ದಲು ಕಾಯ್ದೆಯ 15ನೇ ಸೆಕ್ಷನ್ನಿನಲ್ಲಿ ಅವಕಾಶವಿದೆ, ಆದರೆ ನೋಂದಣಿಯಾದ ಊರಿಗೇ ಮತ್ತೆ ಹೋಗಬೇಕು.

ಒಂದು ಸಾವು, ಹಲವು ಕಿಟಕಿ

ಈ ಕಾಗದಗಳನ್ನೆಲ್ಲ ಒಟ್ಟು ಮಾಡಿ ಆಕೆ ಹೋಗಬೇಕಾದ ಕಡೆಗಳಾದರೂ ಎಷ್ಟು! ಬಡ ಕುಟುಂಬದವರಾದರೆ ಮೊದಲನೆಯದು ವಿಧವಾ ವೇತನ. ರಾಜ್ಯದಲ್ಲಿ 1984ರಿಂದ ಇರುವ ಯೋಜನೆ ಇದು. ಈಗ ತಿಂಗಳಿಗೆ ₹800. ಅರ್ಜಿ ನಾಡಕಚೇರಿಯಲ್ಲಿ, ಹಣ ಖಜಾನೆಯಿಂದ ನೇರವಾಗಿ ಖಾತೆಗೆ. ಇದರಲ್ಲಿ ಕೇಂದ್ರದ ಪಾಲೂ ಇರುತ್ತದೆ. 40ರಿಂದ 79 ವಯಸ್ಸಿನ ಬಡತನ ರೇಖೆಗಿಂತ ಕೆಳಗಿನ ವಿಧವೆಯರಿಗೆ ಕೇಂದ್ರ ಕೊಡುವುದು ತಿಂಗಳಿಗೆ ₹300, ಆ ಮೊತ್ತ 2012ರಿಂದ ಕದಲಿಲ್ಲ. ಎರಡನೆಯದು ರಾಷ್ಟ್ರೀಯ ಕುಟುಂಬ ನೆರವು. ದುಡಿಯುವ ವ್ಯಕ್ತಿ 18ರಿಂದ 59 ವಯಸ್ಸಿನೊಳಗೆ ಸತ್ತರೆ ಬಡ ಕುಟುಂಬಕ್ಕೆ ಒಂದೇ ಕಂತಿನಲ್ಲಿ ₹20,000. 1995ರಿಂದ ಇರುವ ಈ ಯೋಜನೆಯ ಹೆಸರನ್ನೇ ಕೇಳದವರು ಬಹಳ. ತಿಂಗಳ ಮಾಸಾಶನಕ್ಕೆ ಅರ್ಜಿ ಹಾಕಲು ಬಂದವರಿಗೆ ‘ಇದೂ ಒಂದಿದೆ’ ಎಂದು ಅಲ್ಲಿನವರು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಗಂಡ ಗಾರ್ಮೆಂಟ್ ಕಾರ್ಖಾನೆಯಲ್ಲೋ ಸೆಕ್ಯುರಿಟಿ ಏಜೆನ್ಸಿಯಲ್ಲೋ ಇದ್ದು ಸಂಬಳದಲ್ಲಿ ಪಿ.ಎಫ್. ಕಡಿತವಾಗುತ್ತಿದ್ದರೆ ಇನ್ನೂ ಮೂರು ಬಾಬ್ತುಗಳಿವೆ. ಕೂಡಿಟ್ಟ ನಿಧಿಗೆ ಒಂದು ಫಾರಂ, ಠೇವಣಿ ಜೋಡಿತ ವಿಮೆಗೆ ಇನ್ನೊಂದು, ವಿಧವಾ ಪಿಂಚಣಿಗೆ ಮತ್ತೊಂದು. ವಿಮೆ ₹7 ಲಕ್ಷದವರೆಗೆ ಬರುತ್ತದೆ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕೆಂಬ ತಪ್ಪು ಕಲ್ಪನೆ ಎಲ್ಲೆಡೆ ಇದೆ. ನಿವೃತ್ತಿಯಾದವರಿಗೆ ಆ ನಿಯಮ ನಿಜ; ಸೇವೆಯಲ್ಲಿದ್ದಾಗಲೇ ಸತ್ತವರ ಹೆಂಡತಿಗೆ ಅಲ್ಲ. ಒಂದು ತಿಂಗಳ ವಂತಿಗೆ ಕಟ್ಟಿದ್ದರೂ ಆಕೆ ಅರ್ಹಳು, ಕನಿಷ್ಠ ₹1,000. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ ₹436 ಕಡಿತವಾಗುತ್ತಿದ್ದರೆ ಜೀವನ ಜ್ಯೋತಿ ವಿಮೆಯ ₹2 ಲಕ್ಷ, ಅಪಘಾತವಾಗಿದ್ದು ₹20 ಕಡಿತವಾಗಿದ್ದರೆ ಸುರಕ್ಷಾ ವಿಮೆಯ ₹2 ಲಕ್ಷ. ಜಮೀನಿದ್ದರೆ ಪಿಎಂ ಕಿಸಾನ್ ಹಣ ನಿಲ್ಲುತ್ತದೆ. ಹೆಂಡತಿಯ ಹೆಸರಿಗೆ ಪೌತಿ ಆದರೆ ಮಾತ್ರ ಮತ್ತೆ ಬರಬಹುದು. 2019ರ ಫೆಬ್ರುವರಿ 1ರ ನಂತರ ಹೆಸರಿಗೆ ಬಂದ ಜಮೀನಿಗೆ ಆ ಯೋಜನೆ ಇಲ್ಲವೆಂಬ ನಿಯಮಕ್ಕೆ ಸಾವಿನಿಂದ ಬಂದ ವಾರಸುದಾರಿಕೆಯೊಂದೇ ವಿನಾಯಿತಿ. ಸರ್ಕಾರಿ ನೌಕರರ ಕುಟುಂಬದ ದಾರಿ ಇವೆಲ್ಲಕ್ಕಿಂತ ಸಲೀಸು. ಪಿಂಚಣಿ ಆದೇಶದಲ್ಲಿ ಹೆಂಡತಿಯ ಅಥವಾ ಗಂಡನ ಹೆಸರು ಮೊದಲೇ ಇರುತ್ತದೆ, ಜಂಟಿ ಖಾತೆ ಇದ್ದರೆ ಬ್ಯಾಂಕಿಗೆ ಮರಣ ಪ್ರಮಾಣ ಪತ್ರ ಮತ್ತು ಒಂದು ಪತ್ರ ಕೊಟ್ಟರೆ ಕುಟುಂಬ ಪಿಂಚಣಿ ಶುರುವಾಗಬೇಕು.

ಈ ಕೊನೆಯ ವ್ಯವಸ್ಥೆಯನ್ನು ಗಮನಿಸಬೇಕು. ಸಂಗಾತಿ ಯಾರು ಎಂಬ ಪ್ರಶ್ನೆಯನ್ನು ಸಾವಿಗೆ ಮೊದಲೇ, ಸತ್ತವರ ಬಾಯಿಂದಲೇ ಕೇಳಿ ಬರೆದಿಟ್ಟುಕೊಂಡದ್ದು ಅದರ ಗುಟ್ಟು. ದುಡ್ಡಿನ ವಿಷಯದಲ್ಲೂ ವ್ಯತ್ಯಾಸವಿದೆ. ಸರ್ಕಾರಿ ಕುಟುಂಬ ಪಿಂಚಣಿ ಮತ್ತು ಪಿ.ಎಫ್. ವಿಧವಾ ಪಿಂಚಣಿಯ ಲೆಕ್ಕ ಸಾವಿನ ಮರುದಿನದಿಂದ ಶುರುವಾಗುತ್ತದೆ. ಅರ್ಜಿ ತಡವಾದರೂ ಹಿಂಬಾಕಿ ಸಿಗುತ್ತದೆ. ಬಡವರ ವಿಧವಾ ವೇತನ ಶುರುವಾಗುವುದು ಮಂಜೂರಾದ ಮೇಲೆ. ವಂಶವೃಕ್ಷಕ್ಕೆ ಎರಡು ತಿಂಗಳು, ಹೆಸರು ತಿದ್ದಲು ಮೂರು ತಿಂಗಳು ಹೋದರೆ ಆ ಐದು ತಿಂಗಳ ಹಣ ಹೋದಂತೆಯೇ. ವಿಳಂಬದಿಂದ ಒಂದು ರೂಪಾಯಿಯೂ ಕಳೆದುಕೊಳ್ಳದವರಿಗೆ ಸುಲಭದ ದಾರಿ, ದಿನದಿನವೂ ಕಳೆದುಕೊಳ್ಳುವವರಿಗೆ ಉದ್ದದ ದಾರಿ.

ನಿಲ್ಲಿಸುವಾಗಿನ ಚುರುಕು

ಸಾವಿನ ಮಾಹಿತಿಯನ್ನು ಇಲಾಖೆಯಿಂದ ಇಲಾಖೆಗೆ ದಾಟಿಸುವುದು ಕಷ್ಟವೆಂದು ಯಾರಾದರೂ ಹೇಳಿದರೆ, ಅದು ಈಗಾಗಲೇ ದಾಟುತ್ತಿದೆ ಎಂದು ತೋರಿಸಬೇಕಾಗುತ್ತದೆ. ಆಧಾರ್ ಪ್ರಾಧಿಕಾರವು ದೇಶದ ಮಹಾ ನೋಂದಣಾಧಿಕಾರಿಯಿಂದ ಸುಮಾರು 1.55 ಕೋಟಿ ಮರಣ ದಾಖಲೆಗಳನ್ನು ಪಡೆದು, ತಾಳೆ ನೋಡಿ, ಸುಮಾರು 1.17 ಕೋಟಿ ಆಧಾರ್ ಸಂಖ್ಯೆಗಳನ್ನು ನಿಷ್ಕ್ರಿಯಗೊಳಿಸಿದೆ ಎಂದು 2025ರ ಜುಲೈನಲ್ಲಿ ಸರ್ಕಾರವೇ ಪ್ರಕಟಿಸಿತು. ಕುಟುಂಬದವರೇ ಸಾವನ್ನು ತಿಳಿಸಲು ಅದೇ ವರ್ಷದ ಜೂನ್‌ನಲ್ಲಿ ಆನ್‌ಲೈನ್ ಸೌಲಭ್ಯವೂ ಬಂತು. ಸತ್ತವರ ಗುರುತು ದುರ್ಬಳಕೆಯಾಗಬಾರದು, ಸತ್ತವರ ಹೆಸರಿನಲ್ಲಿ ರೇಷನ್ ಎತ್ತಬಾರದು ಎಂಬುದು ಸರಿಯಾದ ಕಾಳಜಿಯೇ. ಆದರೆ ಕೋಟಿಗಟ್ಟಲೆ ದಾಖಲೆಗಳಲ್ಲಿ ಹೆಸರಿನ ವ್ಯತ್ಯಾಸಗಳನ್ನು ಮೀರಿ ‘ಇವನೇ ಅವನು’ ಎಂದು ಯಂತ್ರ ಗುರುತಿಸಬಲ್ಲದಾದರೆ, ನಾಡಕಚೇರಿಯ ಕಿಟಕಿಯಲ್ಲಿ ಅದೇ ವ್ಯತ್ಯಾಸ ಒಬ್ಬ ಹೆಂಗಸನ್ನು ವಾಪಸ್ ಕಳಿಸಲು ಕಾರಣವಾಗುವುದು ಹೇಗೆ?

2023ರ ತಿದ್ದುಪಡಿಯನ್ನೇ ನೋಡಿ. ಜನನ–ಮರಣಗಳ ರಾಷ್ಟ್ರೀಯ ದತ್ತಾಂಶವನ್ನು ಯಾವ ಯಾವ ಪಟ್ಟಿಗಳ ಜೊತೆ ಹಂಚಿಕೊಳ್ಳಬಹುದೆಂದು ಅದು ಹೆಸರಿಸುತ್ತದೆ: ಜನಸಂಖ್ಯಾ ನೋಂದಣಿ, ಮತದಾರರ ಪಟ್ಟಿ, ಆಧಾರ್, ಪಡಿತರ ಚೀಟಿ, ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಆಸ್ತಿ ನೋಂದಣಿ. ಮರಣದ ಮಟ್ಟಿಗೆ ಇವುಗಳಲ್ಲಿ ಹೆಚ್ಚಿನವುಗಳ ಕೆಲಸ ಒಂದು ಹೆಸರು ತೆಗೆಯುವುದು. ವಿಧವಾ ವೇತನದ ಅಥವಾ ಕುಟುಂಬ ನೆರವಿನ ಪಟ್ಟಿ ಇಲ್ಲಿ ಹೆಸರಿಟ್ಟು ಬಂದಿಲ್ಲ. ‘ಅಧಿಸೂಚಿಸಬಹುದಾದ ಇತರ ರಾಷ್ಟ್ರಮಟ್ಟದ ದತ್ತಾಂಶಗಳು’ ಎಂಬ ಬಾಗಿಲನ್ನು ಕಾಯ್ದೆ ತೆರೆದಿಟ್ಟಿದೆ ನಿಜ. ಅಂದರೆ ಸಂಸತ್ತಿಗೆ ಹೋಗದೆಯೇ, ಒಂದು ಅಧಿಸೂಚನೆಯಿಂದ ಈ ಕೆಲಸ ಶುರುವಾಗಬಹುದು.

ಶವ ಸಿಗದ ಸಾವು

ಕಾಣೆಯಾದವರ ಕುಟುಂಬದ ಪಾಡು ಇನ್ನೂ ಕಠಿಣ. ಏಳು ವರ್ಷ ಯಾವ ಸುದ್ದಿಯೂ ಇಲ್ಲದಿದ್ದರೆ ಮಾತ್ರ ವ್ಯಕ್ತಿ ಸತ್ತಿದ್ದಾನೆಂದು ಭಾವಿಸಬಹುದು ಎನ್ನುತ್ತದೆ ಸಾಕ್ಷ್ಯ ಕಾನೂನು. ಹಳೆಯ ಕಾಯ್ದೆಯ 108ನೇ ಸೆಕ್ಷನ್ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 111 ಆಗಿದೆ, ಏಳು ವರ್ಷ ಹಾಗೆಯೇ ಉಳಿದಿದೆ. ಕೇಂದ್ರ ಸರ್ಕಾರಿ ನೌಕರ ಕಾಣೆಯಾದರೆ ಕುಟುಂಬ ಅಷ್ಟು ಕಾಯಬೇಕಿಲ್ಲ. ಪೊಲೀಸ್ ದೂರು ದಾಖಲಾಗಿ ಆರು ತಿಂಗಳಾದ ಮೇಲೆ, ಆತ ಮರಳಿ ಬಂದರೆ ಹಣ ಹಿಂತಿರುಗಿಸುತ್ತೇವೆಂಬ ಮುಚ್ಚಳಿಕೆ ಬರೆದುಕೊಟ್ಟರೆ ಕುಟುಂಬ ಪಿಂಚಣಿ ಸಿಗುತ್ತದೆ. ಕೂಲಿಗೆ ಗುಳೆ ಹೋಗಿ ತಿರುಗಿ ಬಾರದವನ ಹೆಂಡತಿಗೆ ಇಂಥ ಮುಚ್ಚಳಿಕೆಯ ಅವಕಾಶವಿಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಕರಾವಳಿಯಾಚೆ ಸಮುದ್ರದಡಿಯಲ್ಲಿ ಪತ್ತೆಯಾದದ್ದು ತಿಂಗಳುಗಳ ನಂತರ. ರಾಜ್ಯವೇ ಗಮನಿಸಿದ ಪ್ರಕರಣವಾದ್ದರಿಂದ ಅಲ್ಲಿ ನೌಕಾಪಡೆ ಹುಡುಕಿತು. ಒಬ್ಬನೇ ನಾಡದೋಣಿಯಲ್ಲಿ ಹೋಗಿ ಬಾರದಿದ್ದರೆ ಅಷ್ಟು ಸದ್ದಾಗುವುದಿಲ್ಲ. ಮುಚ್ಚಳಿಕೆಯ ಮೇಲೆ ಹಣ ಕೊಡುವ ಪದ್ಧತಿ ಸರ್ಕಾರಕ್ಕೆ ಗೊತ್ತೇ ಇದೆ, ಅದು ನೌಕರರಾಚೆಗೆ ಹೋಗಿಲ್ಲ ಅಷ್ಟೆ.

ಮೋಸವಾದರೆ? ತಪ್ಪಾದರೆ?

ಸಾವು ನೋಂದಣಿಯಾದ ಕೂಡಲೇ ನೆರವಿನ ಕಡತ ತಾನಾಗಿ ತೆರೆಯಲಿ ಎಂದರೆ ಎದುರಾಗುವ ಮೊದಲ ಆಕ್ಷೇಪ ಮೋಸದ್ದು. ಸುಳ್ಳು ಮರಣ ಪ್ರಮಾಣ ಪತ್ರ ಮಾಡಿಸಿ ವಿಮೆ ಹಣ ಎತ್ತಿದ ಪ್ರಕರಣಗಳು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ಗಂಡ ಬದುಕಿದ್ದೂ ವಿಧವಾ ವೇತನ ಪಡೆದವರು ಸಿಕ್ಕಿಬಿದ್ದದ್ದೂ ಉಂಟು. ಆದರೆ ಇವೆಲ್ಲ ನಡೆದದ್ದು ಈಗಿನ ವ್ಯವಸ್ಥೆಯಲ್ಲೇ, ಇಷ್ಟೊಂದು ಕಾಗದ ಕೇಳುವಾಗಲೇ. ಹೆಚ್ಚು ಕಾಗದ ಕೇಳಿದಷ್ಟೂ ಅನುಕೂಲ ದಲ್ಲಾಳಿಗೆ, ಯಾಕೆಂದರೆ ಕಾಗದ ಮಾಡಿಸುವುದೇ ಅವನ ಕಸುಬು. ನಿಜವಾದ ವಿಧವೆಗೆ ಅದು ಬಾರದ ವಿದ್ಯೆ. ಸಾವಿನ ದಾಖಲೆ ಇ-ಜನ್ಮದಿಂದ ನೇರವಾಗಿ ಬಂದರೆ ನಕಲಿ ಪತ್ರಕ್ಕೆ ಜಾಗವೇ ಉಳಿಯುವುದಿಲ್ಲ. ಪರಿಶೀಲನೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಆ ಹೊಣೆ ಕಚೇರಿಯ ಮೇಲಿರಲಿ, ಅರ್ಜಿದಾರಳ ಮೇಲೆ ಬೇಡ ಎಂಬುದಷ್ಟೇ ಮಾತು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ದಾಖಲೆಯೇ ತಪ್ಪಾಗಿದ್ದರೆ? ಉತ್ತರ ಪ್ರದೇಶದ ಅಜಂಗಢ ಜಿಲ್ಲೆಯ ಲಾಲ್ ಬಿಹಾರಿಯವರನ್ನು ಜಮೀನಿನ ಆಸೆಗೆ ಬಂಧುಗಳೇ ಕಾಗದದ ಮೇಲೆ ಸಾಯಿಸಿದ್ದರು. ಬದುಕಿದ್ದೇನೆಂದು ಒಪ್ಪಿಸಲು ಅವರು ಸುಮಾರು ಎರಡು ದಶಕ ಹೋರಾಡಿ 1994ರಲ್ಲಿ ಗೆದ್ದರು. ತಮ್ಮ ಹೆಸರಿಗೆ ‘ಮೃತಕ’ ಎಂದು ಸೇರಿಸಿಕೊಂಡರು, ತಮ್ಮಂಥವರ ಸಂಘವನ್ನೂ ಕಟ್ಟಿದರು. ಅಮೆರಿಕದಲ್ಲೂ ಸಾಮಾಜಿಕ ಭದ್ರತಾ ಆಡಳಿತಕ್ಕೆ ವರ್ಷಕ್ಕೆ ಬರುವ ಸುಮಾರು 30 ಲಕ್ಷ ಸಾವಿನ ವರದಿಗಳಲ್ಲಿ ಸಾವಿರಾರು ಜೀವಂತರ ಹೆಸರು ತಪ್ಪಿ ಸೇರಿಹೋಗುತ್ತದೆ. ಈ ಅಪಾಯ ನಿಜ. ಆದರೆ ಅದು ನಿಲ್ಲಿಸುವ ಕೆಲಸಕ್ಕೆ ಹೇಳಬೇಕಾದ ಎಚ್ಚರಿಕೆ, ಕೊಡುವ ಕೆಲಸಕ್ಕಲ್ಲ. ಬದುಕಿರುವವರ ಮಾಸಾಶನ ತಪ್ಪಾಗಿ ನಿಂತರೆ ಆ ತಿಂಗಳ ಅಕ್ಕಿ, ಮಾತ್ರೆ ಎರಡಕ್ಕೂ ಕುತ್ತು. ಸಾವಿನ ತಪ್ಪು ದಾಖಲೆಯಿಂದ ಯಾರಿಗೋ ₹800 ಎರಡು ತಿಂಗಳು ಹೋದರೆ ಮೂರನೆಯ ತಿಂಗಳು ಹಿಡಿಯಬಹುದು. ಹಾಗಾಗಿ ನಿಲ್ಲಿಸುವ ಮೊದಲು ನೋಟಿಸು, ಮನೆ ಭೇಟಿ ಕಡ್ಡಾಯವಾಗಬೇಕು. ಕೊಡುವುದನ್ನು ತಾತ್ಕಾಲಿಕವಾಗಿಯಾದರೂ ಕೂಡಲೇ ಶುರು ಮಾಡಬೇಕು. ಈಗ ನಡೆಯುತ್ತಿರುವುದು ಇದರ ತದ್ವಿರುದ್ಧ.

ಮೂರನೆಯದು, ಹೆಂಡತಿ ಯಾರೆಂಬ ತಕರಾರು. ಇಬ್ಬರು ಬಂದು ನಿಂತರೆ? ಮೊದಲ ಹೆಂಡತಿ ತವರಿನಲ್ಲಿದ್ದು ಎರಡನೆಯವಳು ಮನೆಯಲ್ಲಿದ್ದರೆ? ಅಂಥವು ನ್ಯಾಯಾಲಯದಲ್ಲಿ ತೀರ್ಮಾನವಾಗಬೇಕಾದ ಪ್ರಕರಣಗಳು, ಮುಂದೆಯೂ ಅಲ್ಲೇ ಆಗಲಿ. ಊರಿಗೊಂದೋ ಎರಡೋ ಇರುವ ಇಂಥ ವ್ಯಾಜ್ಯಗಳ ಹೆಸರಿನಲ್ಲಿ ಯಾರ ತಕರಾರೂ ಇಲ್ಲದ ನೂರಾರು ಹೆಂಗಸರನ್ನು ವಂಶವೃಕ್ಷಕ್ಕೆ ಓಡಿಸುವುದು ನ್ಯಾಯವಲ್ಲ. ಖಾಸಗಿತನದ ಆಕ್ಷೇಪವನ್ನು ಮಾತ್ರ ಪೂರ್ತಿ ಒಪ್ಪಬೇಕು: ಗಂಡ ಸತ್ತ ಸುದ್ದಿ ತನ್ನನ್ನು ಕೇಳದೆ ಹತ್ತು ಕಚೇರಿಗೆ ಹೋಗುವುದು ಎಲ್ಲರಿಗೂ ಬೇಕಿರಲಾರದು. ಅದಕ್ಕೆ ನೋಂದಣಿಯ ಹೊತ್ತಿನಲ್ಲೇ ಒಪ್ಪಿಗೆ ಕೇಳಿದರಾಯಿತು.

ಮಾಡಿದವರಿದ್ದಾರೆ

ಬ್ರಿಟನ್ನಿನಲ್ಲಿ ‘ಟೆಲ್ ಅಸ್ ಒನ್ಸ್’ ಎಂಬ ಸೇವೆ ಇದೆ. ಸಾವನ್ನು ನೋಂದಾಯಿಸಿದಾಗ ನೋಂದಣಾಧಿಕಾರಿ ಒಂದು ಸಂಖ್ಯೆ ಕೊಡುತ್ತಾರೆ. ಅದನ್ನು ಬಳಸಿ ಒಮ್ಮೆ ತಿಳಿಸಿದರೆ ಪಿಂಚಣಿ, ತೆರಿಗೆ, ಪಾಸ್‌ಪೋರ್ಟ್, ವಾಹನ ಪರವಾನಗಿ ಇಲಾಖೆಗಳಿಗೆಲ್ಲ ಸುದ್ದಿ ಮುಟ್ಟುತ್ತದೆ. ಬಳಸುವುದು ಬಿಡುವುದು ಕುಟುಂಬದ ಇಚ್ಛೆ. ಅಮೆರಿಕದಲ್ಲಿ ಅಂತ್ಯಕ್ರಿಯೆ ನಡೆಸುವ ಸಂಸ್ಥೆಯೇ ಸಾಮಾನ್ಯವಾಗಿ ಸಾಮಾಜಿಕ ಭದ್ರತಾ ಆಡಳಿತಕ್ಕೆ ಸಾವನ್ನು ತಿಳಿಸುತ್ತದೆ. ಸತ್ತವರ ದುಡಿಮೆಯ ದಾಖಲೆಯ ಮೇಲೆ ಸಂಗಾತಿ ಆಗಲೇ ಪಿಂಚಣಿ ಪಡೆಯುತ್ತಿದ್ದರೆ ಅದು ತಾನಾಗಿಯೇ ಉಳಿದವರ ಪಿಂಚಣಿಯಾಗಿ ಬದಲಾಗುತ್ತದೆ. ಹಾಗೆ ಪಡೆಯದಿದ್ದವರು ಅರ್ಜಿ ಹಾಕಬೇಕು. ಅಲ್ಲಿ ಒಮ್ಮೆ ಮಾತ್ರ ಕೊಡುವ ಮರಣ ಮೊತ್ತ ಇಂದಿಗೂ 255 ಡಾಲರ್. ಶ್ರೀಮಂತ ದೇಶವೂ ಈ ವಿಷಯದಲ್ಲಿ ಕೈ ಬಿಗಿಹಿಡಿಯುತ್ತದೆ ಎನ್ನಲು ಅದೊಂದು ಸಾಕು.

ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಕರ್ನಾಟಕವೇ 2021ರಲ್ಲಿ ‘ಮನೆ ಬಾಗಿಲಿಗೆ ಮಾಸಾಶನ’ ಎಂಬ ಅಭಿಯಾನ ಶುರು ಮಾಡಿತು. ಬಿಪಿಎಲ್ ಕುಟುಂಬದ ಸದಸ್ಯರಿಗೆ ಅರವತ್ತು ತುಂಬಿದ್ದು ದತ್ತಾಂಶದಿಂದ ತಿಳಿದ ಕೂಡಲೇ ಗ್ರಾಮ ಲೆಕ್ಕಿಗರು ಮನೆಗೇ ಹೋಗಿ ಮೊಬೈಲ್ ಆ್ಯಪ್‌ನಲ್ಲಿ ವಿವರ ತುಂಬಿ ವೃದ್ಧಾಪ್ಯ ವೇತನ ಮಂಜೂರು ಮಾಡಿಸುವ ಯೋಜನೆ ಅದು. ಅರ್ಜಿಯ ಗೊಡವೆ ಇಲ್ಲ. ವಯಸ್ಸಾದದ್ದನ್ನು ಕಂಪ್ಯೂಟರ್ ತಾನಾಗಿ ತಿಳಿದುಕೊಳ್ಳುವುದಾದರೆ ಸಾವನ್ನೂ ತಿಳಿದುಕೊಳ್ಳಬಹುದು. ರೇಷನ್ ಕಾರ್ಡ್ ಆಧಾರದ ‘ಕುಟುಂಬ’ ದತ್ತಾಂಶದಲ್ಲಿ ಯಾರು ಯಾರ ಹೆಂಡತಿ ಎಂಬುದು ಈಗಾಗಲೇ ದಾಖಲಾಗಿದೆ. ಇ-ಜನ್ಮದಲ್ಲಿ ಸಾವು, ‘ಕುಟುಂಬ’ದಲ್ಲಿ ಸಂಬಂಧ, ಖಜಾನೆಯಲ್ಲಿ ಹಣ. ಈ ಮೂರೂ ರಾಜ್ಯ ಸರ್ಕಾರದ ಕೈಯಲ್ಲೇ ಇವೆ, ಕೇಂದ್ರದ ಅಧಿಸೂಚನೆಗೆ ಕಾಯಬೇಕಾದ್ದೂ ಇಲ್ಲ. ವಿಧವಾ ವೇತನದ ಲೆಕ್ಕವನ್ನು ಸಾವಿನ ಮರುದಿನದಿಂದ ಹಿಡಿಯುವಂತೆ ಒಂದು ಆದೇಶ ಹೊರಡಿಸಿದರೆ, ಕಡತ ತಡವಾದಷ್ಟೂ ಹಿಂಬಾಕಿ ಏರುತ್ತದೆ; ಆಗ ಚುರುಕಾಗುವ ಗರಜು ಇಲಾಖೆಗೂ ಬರುತ್ತದೆ.

ಅಲ್ಲಿಯವರೆಗೆ

ಅದು ಆಗುವವರೆಗೆ ಕುಟುಂಬಗಳು ಮಾಡಬಹುದಾದ್ದು ಕೆಲವಿದೆ. ಆಸ್ಪತ್ರೆಯಲ್ಲಿ ಸಾವಾದರೆ ಶವ ತರುವ ಮೊದಲೇ, ಬಾಯಿಮಾತಿನಲ್ಲಿ ಹೆಸರು ಹೇಳದೆ ಆಧಾರ್ ಕಾರ್ಡನ್ನೇ ತೋರಿಸಿ ಅದರಲ್ಲಿರುವಂತೆ ಬರೆಸಬೇಕು. ಮರಣ ಕಾರಣ ಪ್ರಮಾಣ ಪತ್ರದ ಪ್ರತಿ ಕೇಳಿ ಪಡೆಯಬೇಕು. ಅಪಘಾತವಾಗಿದ್ದರೆ ಎಫ್‌ಐಆರ್ ಮತ್ತು ಮರಣೋತ್ತರ ಪರೀಕ್ಷೆಯ ವರದಿ ಇಲ್ಲದೆ ಮುಂದೆ ಏನೂ ಸಾಗುವುದಿಲ್ಲ. ನೋಂದಣಿಯಾದಾಗ ಮೊದಲ ಪ್ರತಿ ಉಚಿತ. ಸಣ್ಣ ಶುಲ್ಕ ಕೊಟ್ಟು ಇನ್ನೂ ನಾಲ್ಕೈದು ಪ್ರತಿ ಆಗಲೇ ತೆಗೆದುಕೊಂಡರೆ ಮತ್ತೆ ಆ ಊರಿಗೆ ಹೋಗುವ ಬಸ್ ಚಾರ್ಜು ಉಳಿಯುತ್ತದೆ. ಸತ್ತವರ ಪಾಸ್‌ಬುಕ್ಕನ್ನು ಬ್ಯಾಂಕಿಗೆ ಕೊಂಡೊಯ್ದು ಎಂಟ್ರಿ ಹಾಕಿಸಿ, ಮೇ ತಿಂಗಳ ಕೊನೆಯ ವಾರದ ಸಾಲುಗಳನ್ನು ನೋಡಬೇಕು. ಜೀವನ ಜ್ಯೋತಿ, ಸುರಕ್ಷಾ ವಿಮೆಗಳ ಕಂತು ಕಡಿತವಾಗುವುದು ಆಗಲೇ. ಅಲ್ಲಿ ₹436 ಅಥವಾ ₹20 ಹೋಗಿದ್ದರೆ, ಗಂಡ ಹೇಳದೇ ಹೋದ ವಿಮೆಯೊಂದು ಆ ಮನೆಗೆ ಬಾಕಿ ಇದೆ. ಕ್ಲೇಮ್ ಫಾರಂ ಅದೇ ಶಾಖೆಯಲ್ಲಿ ಸಿಗುತ್ತದೆ.